ಕೂಸಿನ ತಾಟಿನಿಂದ ತೆಗೆಯುವ ಮೊದಲು



ನಮ್ಮ ಮುಚ್ಚಂಡಿಯಲ್ಲಾಗಲಿ, ಸುತ್ತಲಿನ ಊರುಗಳಲ್ಲಾಗಲಿ, ಒಂದು ಕೂಸಿನ ಗಲ್ಲದ ಮೇಲೆ, ಮೊಣಕೈ ಮಡಿಕೆಯಲ್ಲಿ, ಮೊಣಕಾಲಿನ ಹಿಂದೆ ಕೆಂಪಗೆ ಒರಟಾದ ತುರಿಕೆ ಎದ್ದಿತೆಂದರೆ ಡಾಕ್ಟರಿಗಿಂತ ಮೊದಲು ಮನೆಗೆ ಬರುವುದು ಪಥ್ಯ. "ಯಾಕವ್ವಾ ತಂಗಿ, ಕೂಸಿಗೆ ಶೇಂಗಾ ತಿನಿಸೀಯೇನ? ಅದು ನಂಜ ಐತಿ" ಅಂತ ಪಕ್ಕದ ಮನೆ ಕಾಕು ಹೇಳುತ್ತಾರೆ. ಮರುದಿನ ಮತ್ತೊಬ್ಬರು ಬದನೆಕಾಯಿ ಅನ್ನುತ್ತಾರೆ. ಮೂರನೆಯವರು ತತ್ತಿ, ನಾಲ್ಕನೆಯವರು ಹಾಲು. ವಾರ ತುಂಬುವಷ್ಟರಲ್ಲಿ ಕೂಸಿನ ತಾಟಿನಲ್ಲಿ ಉಳಿಯುವುದು ಅನ್ನ ಮತ್ತು ತಿಳಿಸಾರು. ತುರಿಕೆ ಮಾತ್ರ ಇದ್ದಲ್ಲೇ ಇರುತ್ತದೆ.

ಈ ತುರಿಕೆಗೆ ನಮ್ಮ ಕಡೆ ಇಸಬು ಅನ್ನುತ್ತೇವೆ. ಡಾಕ್ಟರು ಎಕ್ಜಿಮಾ ಅನ್ನುತ್ತಾರೆ. ಇಸಬಿಗೂ ಊಟಕ್ಕೂ ಸಂಬಂಧ ಇದೆಯೋ ಇಲ್ಲವೋ ಅನ್ನುವುದು ಹಳೆಯ ಪ್ರಶ್ನೆ. ಜಗತ್ತಿನ ಎಲ್ಲ ವೈದ್ಯ ಪದ್ಧತಿಗಳೂ ಇದಕ್ಕೆ ತಮ್ಮದೇ ಉತ್ತರ ಕೊಟ್ಟಿವೆ. ಈ ಲೇಖನದಲ್ಲಿ ನಾನು ಹೇಳಬೇಕೆಂದಿರುವುದು ಇಷ್ಟೇ: ಮಗುವಿನ ಚರ್ಮಕ್ಕೆ ಮೊದಲು ಆರೈಕೆ ಕೊಡಿ, ಊಟಕ್ಕೆ ಅವಸರದಲ್ಲಿ ಕತ್ತರಿ ಹಾಕಬೇಡಿ. ಒಂದು ಪದಾರ್ಥ ನಿಲ್ಲಿಸಲೇಬೇಕಾದರೆ ಅದನ್ನು ತಿರುಗಿ ಕೊಟ್ಟು ಪರೀಕ್ಷಿಸುವ ದಿನವನ್ನೂ ಡಾಕ್ಟರ ಜೊತೆ ಕೂತು ಗೊತ್ತು ಮಾಡಿಕೊಳ್ಳಿ.

ಇದು ಯಾಕೆ ಮುಖ್ಯ ಅಂತ ಕೇಳಬಹುದು. ನಮ್ಮದು ಮಳೆ ಕಡಿಮೆ ಬೀಳುವ ಜತ್ತ ತಾಲೂಕು. ಇಲ್ಲಿನ ಬಹಳ ಮನೆಗಳಲ್ಲಿ ದಿನಾ ಮಾಂಸ, ಹಣ್ಣು ಇರುವುದಿಲ್ಲ. ಬೆಳೆಯುವ ಮಗುವಿಗೆ ಶಕ್ತಿ ಬರುವುದು ರೊಟ್ಟಿಯ ಜೊತೆ ಶೇಂಗಾ ಹಿಂಡಿಯಿಂದ, ಬೇಳೆಯಿಂದ, ಒಂದು ಲೋಟ ಹಾಲಿನಿಂದ, ಆಗೊಮ್ಮೆ ಈಗೊಮ್ಮೆ ಒಂದು ತತ್ತಿಯಿಂದ. ಉಳ್ಳವರ ಮನೆಯಲ್ಲಿ ಒಂದು ಪದಾರ್ಥ ಬಿಡಿಸಿದರೆ ಅದರ ಜಾಗಕ್ಕೆ ಇನ್ನೊಂದು ಬರುತ್ತದೆ. ನಮ್ಮ ಮನೆಗಳಲ್ಲಿ ಆ ಜಾಗ ಖಾಲಿ ಉಳಿಯುತ್ತದೆ. ಎರಡು ವರ್ಷದ ಮಗುವಿಗೆ ಆರು ತಿಂಗಳು ಹಾಲು, ಬೇಳೆ, ತತ್ತಿ, ಶೇಂಗಾ ನಿಂತರೆ ಆ ನಷ್ಟ ತುಂಬಿ ಬರುವುದು ಕಷ್ಟ.

ಹಿರಿಯರು ಹೇಳುವುದು

ಮೊದಲು ನಮ್ಮ ಹಿರಿಯರ ಮಾತನ್ನು ಗೌರವದಿಂದಲೇ ಕೇಳೋಣ. ಅವರ ಲೆಕ್ಕದಲ್ಲಿ ಕೆಲವು ಪದಾರ್ಥ ನಂಜು, ಕೆಲವು ಉಷ್ಣ, ಕೆಲವು ತಂಪು. ಬದನೆಕಾಯಿ, ಮೀನು, ಕೋಳಿ, ಶೇಂಗಾ ನಂಜಿನ ಪಟ್ಟಿಯಲ್ಲಿ ಬರುತ್ತವೆ. ಗಾಯ ಇದ್ದವರು, ತುರಿಕೆ ಇದ್ದವರು ಅವನ್ನು ತಿನ್ನಬಾರದು. ಕೂಸಿನ ಮೈ ಕೆಂಪಾದರೆ "ಮೈಯಾಗ ಉಷ್ಣ ಆಗೇದ" ಅನ್ನುತ್ತಾರೆ.

ಈ ಮಾತಿನ ಹಿಂದೆ ಆಯುರ್ವೇದದ ನೆರಳು ಇದೆ. ಚರಕ ಸಂಹಿತೆಯಲ್ಲಿ ವಿಚರ್ಚಿಕಾ ಎಂಬ ಚರ್ಮರೋಗದ ವರ್ಣನೆ ಬರುತ್ತದೆ. ತುರಿಕೆ, ಗುಳ್ಳೆ, ನೀರು ಸೋರುವುದು ಎಲ್ಲ ಕೂಡಿದ ಅದನ್ನು ಇಂದಿನ ಆಯುರ್ವೇದ ವೈದ್ಯರು ಎಕ್ಜಿಮಾಕ್ಕೆ ಹೋಲಿಸುತ್ತಾರೆ. ಹಾಲು ಮತ್ತು ಮೀನು ಕೂಡಿಸಿ ತಿನ್ನುವಂಥ ವಿರುದ್ಧ ಆಹಾರದಿಂದ ಚರ್ಮರೋಗ ಬರುತ್ತದೆ ಎಂದೂ ಅಲ್ಲಿ ಹೇಳಿದೆ. ಅದೇ ಆಯುರ್ವೇದದಲ್ಲಿ ಸಾತ್ಮ್ಯ ಅನ್ನುವ ಇನ್ನೊಂದು ವಿಚಾರವೂ ಇದೆ. ರೂಢಿಯಿಂದ ಮೈಗೆ ಒಗ್ಗಿದ ಆಹಾರ ಆ ಮನುಷ್ಯನಿಗೆ ಹಿತ ಅನ್ನುವುದು ಅದರ ತಿರುಳು. ಈ ಎರಡನೆಯ ಮಾತನ್ನು ನಾವು ಮರೆತಿದ್ದೇವೆ, ಮೊದಲನೆಯದನ್ನು ಮಾತ್ರ ಹಿಡಿದುಕೊಂಡಿದ್ದೇವೆ.

ಕೊರಿಯಾದಲ್ಲೂ ಇದೇ ಮಾತು

ಮೊಬೈಲಿನಲ್ಲಿ ಕೊರಿಯನ್ ಸೀರಿಯಲ್ ನೋಡುವ ತಂಗಿಯಂದಿರು ನಮ್ಮ ಯುವ ಬಳಗದಲ್ಲೂ ಇದ್ದಾರೆ. ಅಲ್ಲಿಯವರ ನುಣುಪಾದ ಚರ್ಮ ನೋಡಿ ಕೊರಿಯನ್ ಕ್ರೀಮ್ ತರಿಸಬೇಕು ಅನ್ನುವವರೂ ಇದ್ದಾರೆ. ಅವರಿಗೆ ಒಂದು ಸಂಗತಿ ಆಶ್ಚರ್ಯ ಅನ್ನಿಸಬಹುದು. ಕೊರಿಯಾದಲ್ಲೂ ಇಸಬಿನ ಮಕ್ಕಳು ಬಹಳ ಇದ್ದಾರೆ, ಅಲ್ಲಿಯ ಅಜ್ಜಿಯರೂ ನಮ್ಮ ಆಯಿಯ ಹಾಗೆಯೇ ಮಾತಾಡುತ್ತಾರೆ.

ಎಳೆಗೂಸಿನ ಮುಖದ ಮೇಲಿನ ಕೆಂಪು ತುರಿಕೆಗೆ ಕೊರಿಯನ್ನರು ತೇಯೋಲ್ ಅನ್ನುತ್ತಾರೆ. ಗರ್ಭದಲ್ಲಿದ್ದಾಗಲೇ ತಾಯಿಯಿಂದ ಬಂದ ಉಷ್ಣ ಎಂದು ಅದರ ಅರ್ಥ. 1613ರಲ್ಲಿ ಅಚ್ಚಾದ ಡೊಂಗಿ ಬೊಗಮ್ ಎಂಬ ಹೊ ಜುನ್ ಅವರ ಗ್ರಂಥ ಅಲ್ಲಿಯ ವೈದ್ಯಕ್ಕೆ ಬುನಾದಿ. ಆಮೇಲೆ 1894ರಲ್ಲಿ ಲೀ ಜೆ-ಮಾ ಎಂಬ ವೈದ್ಯರು ಮನುಷ್ಯರನ್ನು ನಾಲ್ಕು ಪ್ರಕೃತಿಗಳಾಗಿ ವಿಂಗಡಿಸುವ ಪುಸ್ತಕ ಬರೆದರು. ಅವರ ಪದ್ಧತಿಯ ಪ್ರಕಾರ ಒಬ್ಬೊಬ್ಬರ ಪ್ರಕೃತಿಗೆ ಒಂದೊಂದು ಊಟ. ಕೋಳಿ ಉಷ್ಣ, ಅದು ತಂಪು ಪ್ರಕೃತಿಯವರಿಗೆ ಒಳ್ಳೆಯದು. ಹಂದಿ ಮಾಂಸ ತಂಪು, ಅದು ಉಷ್ಣ ಪ್ರಕೃತಿಯವರಿಗೆ. ಇಸಬು ಇದ್ದ ಮಗುವಿಗೆ ಕೋಳಿ, ಹಾಲು, ಗೋಧಿ ಹಿಟ್ಟು ಬಿಡಿಸುವ ರೂಢಿ ಅಲ್ಲಿಯ ಮನೆಗಳಲ್ಲೂ ಇದೆ. ನಮ್ಮ ವಾತ, ಪಿತ್ತ, ಕಫದ ಲೆಕ್ಕಕ್ಕೂ ಅವರ ಲೆಕ್ಕಕ್ಕೂ ಹೆಸರು ಬೇರೆ, ನಡೆ ಒಂದೇ.

ಕೊರಿಯಾದಲ್ಲಿ ಸಂಪ್ರದಾಯದ ವೈದ್ಯರಿಗೂ ಆಧುನಿಕ ವೈದ್ಯರಿಗೂ ಸರಕಾರ ಬೇರೆ ಬೇರೆ ಲೈಸೆನ್ಸ್ ಕೊಡುತ್ತದೆ. ಒಂದೇ ಮಗುವನ್ನು ಎರಡೂ ಕಡೆ ತೋರಿಸುವ ತಂದೆತಾಯಿಗಳು ಅಲ್ಲಿ ಸಾಮಾನ್ಯ. ಅಂಥ ಕಡೆಯೂ ಮಕ್ಕಳ ಡಾಕ್ಟರುಗಳು ಒಂದು ಎಚ್ಚರಿಕೆ ಕೊಡುತ್ತ ಬಂದಿದ್ದಾರೆ: ಪರೀಕ್ಷೆ ಇಲ್ಲದೆ ಮಾಡಿದ ಪಥ್ಯದಿಂದ ಮಕ್ಕಳ ಬೆಳವಣಿಗೆ ಕುಗ್ಗುತ್ತದೆ ಅಂತ.

ಪಾಶ್ಚಾತ್ಯ ವೈದ್ಯ ನಡೆದ ದಾರಿ

ಲೀ ಜೆ-ಮಾ ತಮ್ಮ ಪುಸ್ತಕ ಬರೆದ ಅದೇ 1894ರಲ್ಲಿ ನಮ್ಮ ಮಿರಜದಲ್ಲಿ ಕೆನಡಾ ಮೂಲದ ಮಿಷನರಿ ಡಾಕ್ಟರ್ ವಿಲಿಯಂ ಜೇಮ್ಸ್ ವಾನ್ಲೆಸ್ ಆಸ್ಪತ್ರೆ ಶುರು ಮಾಡಿದರು. ಅದರ ಹೆಸರು ಕೇಳದವರು ನಮ್ಮ ಕಡೆ ಇಲ್ಲ. "ಮಿರಜಕ್ಕ ಒಯ್ಯಿರಿ" ಅಂದರೆ ಸಂಗತಿ ದೊಡ್ಡದು ಅಂತ ಅರ್ಥ. ಆದರೆ ಆ ಕಾಲದ ಪಾಶ್ಚಾತ್ಯ ವೈದ್ಯರಿಗೂ ಇಸಬಿನ ಕಾರಣ ತಿಳಿದಿರಲಿಲ್ಲ. ಎಕ್ಜಿಮಾ ಎಂಬ ಗ್ರೀಕ್ ಮಾತಿಗೇ ಕುದಿದು ಉಕ್ಕುವುದು ಎಂದು ಅರ್ಥ. ಒಳಗಿನ ಕೆಟ್ಟ ರಸ ಕುದಿದು ಹೊರಗೆ ಬರುತ್ತದೆ, ಅದನ್ನು ತಡೆದರೆ ಅಪಾಯ ಅಂತ ಯುರೋಪಿನಲ್ಲೂ ಬಹಳ ಕಾಲ ನಂಬಿದ್ದರು. ನಮ್ಮ ನಂಜಿಗೂ ಅದಕ್ಕೂ ಏನು ಫರಕು?

ಫರಕು ಬಂದದ್ದು ಆಮೇಲೆ. 1906ರಲ್ಲಿ ವಿಯೆನ್ನಾದ ಮಕ್ಕಳ ವೈದ್ಯ ಕ್ಲೆಮೆನ್ಸ್ ಫಾನ್ ಪಿರ್ಕೆ ಅಲರ್ಜಿ ಎಂಬ ಪದ ಹುಟ್ಟಿಸಿದರು. 1966ರಲ್ಲಿ ಅಮೆರಿಕದಲ್ಲಿದ್ದ ಜಪಾನಿನ ದಂಪತಿ ಇಶಿಝಾಕಾ ಅವರು ಅಲರ್ಜಿಗೆ ಕಾರಣವಾಗುವ ರಕ್ತದ ಅಂಶವನ್ನು ಪತ್ತೆ ಮಾಡಿದರು. ಅದಕ್ಕೆ ಈಗ ಐಜಿಇ ಅನ್ನುತ್ತಾರೆ. 2006ರಲ್ಲಿ ಸ್ಕಾಟ್ಲೆಂಡಿನ ಡಂಡಿಯಲ್ಲಿ ನಡೆದ ಸಂಶೋಧನೆ ಇನ್ನೊಂದು ಬಾಗಿಲು ತೆರೆಯಿತು. ಚರ್ಮದ ಮೇಲ್ಪದರವನ್ನು ಗಟ್ಟಿಯಾಗಿ ಹಿಡಿದಿಡುವ ಫಿಲಾಗ್ರಿನ್ ಎಂಬ ಒಂದು ಪ್ರೋಟೀನು ಇದೆ. ಅದರ ಜೀನಿನಲ್ಲಿ ಹುಟ್ಟಿನಿಂದಲೇ ದೋಷ ಇರುವವರಿಗೆ ಇಸಬು ಬರುವ ಸಂಭವ ಹೆಚ್ಚು ಅಂತ ಗೊತ್ತಾಯಿತು. ಇಸಬು ಬಂದವರೆಲ್ಲರಲ್ಲೂ ಈ ದೋಷ ಇರುವುದಿಲ್ಲ, ಆದರೆ ಅದು ದಾರಿ ತೋರಿಸಿತು.

ಇದನ್ನು ನಮ್ಮ ಮನೆಯ ಗೋಡೆಗೆ ಹೋಲಿಸಿ ನೋಡಿ. ಮಣ್ಣಿನ ಮೆತ್ತಿಗೆ ಉದುರಿದ ಗೋಡೆಯಲ್ಲಿ ಒಳಗಿನ ತಂಪು ಹೊರಗೆ ಹೋಗುತ್ತದೆ, ಹೊರಗಿನ ಧೂಳು, ಇರುವೆ ಒಳಗೆ ಬರುತ್ತವೆ. ಇಸಬಿನ ಚರ್ಮವೂ ಹಾಗೆಯೇ. ಒಳಗಿನ ತೇವ ಆರುತ್ತದೆ, ಹೊರಗಿನ ಧೂಳು, ಸಾಬೂನು, ಊಟದ ಕಣ ಒಳಗೆ ನುಸುಳುತ್ತವೆ. ಮೈ ಅವನ್ನು ವೈರಿ ಅಂತ ತಿಳಿದು ಹೋರಾಡುತ್ತದೆ. ಅಂದರೆ ಬಹಳ ಮಕ್ಕಳಲ್ಲಿ ಊಟದ ಅಲರ್ಜಿಯಿಂದ ಇಸಬು ಬರುವುದಿಲ್ಲ. ಇಸಬಿನ ಒಡೆದ ಚರ್ಮದಿಂದಲೇ ಅಲರ್ಜಿಗೆ ದಾರಿ ಆಗುತ್ತದೆ. ಬಾಯಿಂದ ಹೊಟ್ಟೆಗೆ ಹೋದ ಊಟವನ್ನು ಮೈ ಸಾಮಾನ್ಯವಾಗಿ ನೆಂಟ ಅಂತ ಒಪ್ಪಿಕೊಳ್ಳುತ್ತದೆ. ಒಡೆದ ಚರ್ಮದಿಂದ ನುಸುಳಿದ್ದನ್ನು ಕಳ್ಳ ಅಂತ ತಿಳಿಯುತ್ತದೆ.

ಡಾಕ್ಟರುಗಳೂ ಪಥ್ಯ ಹೇಳಿದ್ದರು

ಹಾಗಂತ ಇಂಗ್ಲಿಷ್ ಔಷಧದವರು ಹೇಳಿದ್ದೆಲ್ಲ ಸರಿ, ನಮ್ಮ ಆಯಿ ಹೇಳಿದ್ದೆಲ್ಲ ತಪ್ಪು ಅನ್ನುವುದು ನನ್ನ ವಾದ ಅಲ್ಲ. 2000ದಲ್ಲಿ ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ ಒಂದು ಸಲಹೆ ಕೊಟ್ಟಿತ್ತು. ಅಲರ್ಜಿಯ ಅಪಾಯ ಇರುವ ಮಕ್ಕಳಿಗೆ ಒಂದು ವರ್ಷದವರೆಗೆ ಹಸುವಿನ ಹಾಲು, ಎರಡು ವರ್ಷದವರೆಗೆ ತತ್ತಿ, ಮೂರು ವರ್ಷದವರೆಗೆ ಶೇಂಗಾ ಮತ್ತು ಮೀನು ಬೇಡ ಅಂತ. ನಮ್ಮ ಕಾಕು ಹೇಳಿದ್ದಕ್ಕೂ ಇದಕ್ಕೂ ಬಹಳ ದೂರ ಇಲ್ಲ! 2008ರಲ್ಲಿ ಅದೇ ಅಕಾಡೆಮಿ ಇದಕ್ಕೆ ಸಾಕಷ್ಟು ಆಧಾರ ಇಲ್ಲ ಅಂತ ಆ ಸಲಹೆಯನ್ನು ಹಿಂದಕ್ಕೆ ತೆಗೆದುಕೊಂಡಿತು.

ಅದೇ ವರ್ಷ ಇನ್ನೊಂದು ಸಂಗತಿ ಹೊರಬಂತು. ಬ್ರಿಟನ್ನಿನಲ್ಲಿ ಬೆಳೆದ ಯೆಹೂದಿ ಮಕ್ಕಳಲ್ಲಿ ಶೇಂಗಾ ಅಲರ್ಜಿ ಇಸ್ರೇಲಿನ ಮಕ್ಕಳಿಗಿಂತ ಸುಮಾರು 10 ಪಟ್ಟು ಹೆಚ್ಚಿತ್ತು. ಇಸ್ರೇಲಿನ ಕೂಸುಗಳು ಹಲ್ಲು ಬರುವ ವಯಸ್ಸಿನಿಂದಲೇ ಶೇಂಗಾದ ತಿಂಡಿ ತಿನ್ನುತ್ತಿದ್ದವು. ಇದನ್ನು ಪರೀಕ್ಷಿಸಲು ಲಂಡನ್ನಿನಲ್ಲಿ ಡಾಕ್ಟರ್ ಗಿಡಿಯನ್ ಲ್ಯಾಕ್ ಅವರ ತಂಡ ತೀವ್ರ ಇಸಬು ಅಥವಾ ತತ್ತಿ ಅಲರ್ಜಿ ಇದ್ದ 640 ಎಳೆಮಕ್ಕಳನ್ನು ಎರಡು ಗುಂಪು ಮಾಡಿತು. ಒಂದು ಗುಂಪಿಗೆ ಐದು ವರ್ಷದವರೆಗೆ ಶೇಂಗಾ ಬಂದ್, ಇನ್ನೊಂದಕ್ಕೆ ನಿಯಮಿತವಾಗಿ ಶೇಂಗಾ. 2015ರಲ್ಲಿ ಫಲಿತಾಂಶ ಪ್ರಕಟವಾಯಿತು. ಶುರುವಿನ ಚರ್ಮ ಪರೀಕ್ಷೆಯಲ್ಲಿ ಶೇಂಗಾಕ್ಕೆ ಏನೂ ತೋರದ ಮಕ್ಕಳ ಪೈಕಿ, ಶೇಂಗಾ ಬಿಡಿಸಿದವರಲ್ಲಿ ನೂರಕ್ಕೆ 13.7 ಮಕ್ಕಳಿಗೆ ಅಲರ್ಜಿ ಬಂತು. ತಿನಿಸಿದವರಲ್ಲಿ ನೂರಕ್ಕೆ 1.9 ಮಾತ್ರ. ಅಲರ್ಜಿ ಬರಬಾರದು ಅಂತ ಮಾಡಿದ ಪಥ್ಯವೇ ಅಲರ್ಜಿ ಹೆಚ್ಚಿಸಿತ್ತು.

ಇಲ್ಲಿ ನಾವು ಕಲಿಯಬೇಕಾದ ಪಾಠ ಪೂರ್ವ ಪಶ್ಚಿಮದ್ದಲ್ಲ. ಒಂದು ಕಡೆ ತಮ್ಮ ಮಾತನ್ನೇ ಪರೀಕ್ಷೆಗೆ ಒಡ್ಡಿ, ಅದು ನಿಲ್ಲದಿದ್ದಾಗ ಬದಲಿಸಿದರು. ನಂಜಿನ ಪಟ್ಟಿಯನ್ನು ನಮ್ಮ ಮನೆಗಳಲ್ಲಿ ಯಾರೂ ಹಾಗೆ ಪರೀಕ್ಷಿಸಲಿಲ್ಲ.

ನಮ್ಮ ನಾಡಿನ ಲೆಕ್ಕ

"ಅವು ಬಿಳಿಯರ ಮಕ್ಕಳು, ನಮ್ಮ ಮೈ ಬ್ಯಾರೆ" ಅನ್ನುವವರಿಗೆ ಕರ್ನಾಟಕದ್ದೇ ಲೆಕ್ಕ ಇದೆ. ಬೆಂಗಳೂರು ಮತ್ತು ಮೈಸೂರಿನಲ್ಲಿ ದೊಡ್ಡವರ ಮೇಲೆ ನಡೆದ ಒಂದು ದೊಡ್ಡ ಅಧ್ಯಯನ 2016ರಲ್ಲಿ ಪ್ರಕಟವಾಯಿತು. ರಕ್ತ ಪರೀಕ್ಷೆ ಮಾಡಿದಾಗ ನೂರಕ್ಕೆ 26.5 ಜನರಲ್ಲಿ ಯಾವುದಾದರೊಂದು ಆಹಾರಕ್ಕೆ ಐಜಿಇ ಕಂಡಿತು. ಆದರೆ ಆ ಆಹಾರ ತಿಂದು ತೊಂದರೆ ಆಗುತ್ತಿದ್ದವರು, ಅಂದರೆ ಅಲರ್ಜಿ ಇರಬಹುದಾದವರು, ನೂರಕ್ಕೆ 1.2 ಮಾತ್ರ. ಅಂದರೆ ರಕ್ತದ ರಿಪೋರ್ಟಿನಲ್ಲಿ ಪಾಸಿಟಿವ್ ಅಂತ ಬಂದವರಲ್ಲಿ ಬಹುತೇಕರು ಅದೇ ಪದಾರ್ಥವನ್ನು ಆರಾಮವಾಗಿ ತಿಂದುಕೊಂಡಿದ್ದರು.

ಇದನ್ನು ನೆನಪಿಡಬೇಕು, ಯಾಕೆಂದರೆ ಈಗ ಪಟ್ಟಣದ ಲ್ಯಾಬುಗಳಲ್ಲಿ ಸಾವಿರಾರು ರೂಪಾಯಿ ಕಟ್ಟಿಸಿಕೊಂಡು ಹತ್ತಾರು ಪದಾರ್ಥಗಳ ಅಲರ್ಜಿ ಪಟ್ಟಿ ಕೊಡುತ್ತಾರೆ. ತಾಯಿ ಆ ಪಟ್ಟಿ ಹಿಡಿದು ಮನೆಗೆ ಬಂದು ಅರ್ಧ ಅಡುಗೆಮನೆ ಬಂದ್ ಮಾಡುತ್ತಾಳೆ. ನಂಜಿನ ಪಟ್ಟಿಯ ಜಾಗಕ್ಕೆ ಕಂಪ್ಯೂಟರ್ ಪಟ್ಟಿ ಬಂತು, ಕೂಸಿನ ತಾಟು ಮತ್ತೆ ಖಾಲಿ.

ಬದನೆಕಾಯಿಯ ವಿಚಾರದಲ್ಲಿ ಹಿರಿಯರ ಮಾತು ಪೂರಾ ಸುಳ್ಳೂ ಅಲ್ಲ. ಮೈಸೂರಿನ ಆಹಾರ ಸಂಶೋಧನಾಲಯ ಸಿಎಫ್‌ಟಿಆರ್‌ಐ ವಿಜ್ಞಾನಿಗಳು 741 ಜನರನ್ನು ಪರೀಕ್ಷಿಸಿ 2008ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ನೂರಕ್ಕೆ ಸುಮಾರು ಒಂಬತ್ತು ಜನರಲ್ಲಿ ಬದನೆಗೆ ಏನಾದರೊಂದು ಪ್ರತಿಕ್ರಿಯೆ ಕಂಡಿತು. ಐಜಿಇಯಿಂದ ಬರುವ ನಿಜವಾದ ಅಲರ್ಜಿ ಮಾತ್ರ ನೂರಕ್ಕೆ ಒಬ್ಬರಿಗಿಂತ ಕಡಿಮೆ. ಕೆಲವರಿಗೆ ಬದನೆ ತಿಂದರೆ ತುರಿಸುವುದು ನಿಜ. ಅದಕ್ಕೆ ಊರಿಗೆಲ್ಲ ಬದನೆ ನಂಜು ಅನ್ನುವುದು ಲೆಕ್ಕಕ್ಕೆ ಬರುವುದಿಲ್ಲ.

"ಆದರ ನಮ್ಮ ಹುಡುಗಗ ಬದನಿಕಾಯಿ ಬಿಡಿಸಿದ ಮ್ಯಾಲೆ ಕಡಿಮಿ ಆತು" ಅನ್ನುವ ಅನುಭವವೂ ಬಹಳ ಜನರಿಗೆ ಇದೆ. ಆ ಅನುಭವವನ್ನು ಹಗುರವಾಗಿ ತೆಗೆದುಕೊಳ್ಳಬಾರದು. ಆದರೆ ಇಸಬಿನ ಸ್ವಭಾವವೇ ಏರುವುದು, ಇಳಿಯುವುದು. ಅದು ಜೋರಾಗಿದ್ದಾಗ ನಾವು ಪಥ್ಯ ಶುರು ಮಾಡುತ್ತೇವೆ. ಹದಿನೈದು ದಿನಕ್ಕೆ ತಾನಾಗಿ ಇಳಿದರೂ ಹೆಸರು ಪಥ್ಯಕ್ಕೆ ಬರುತ್ತದೆ. ಸತ್ಯ ತಿಳಿಯಲು ಇರುವ ದಾರಿ ಒಂದೇ: ಬಿಡಿಸಿದ್ದನ್ನು ತಿರುಗಿ ಕೊಟ್ಟು ನೋಡುವುದು. ಮತ್ತೆ ತುರಿಕೆ ಏರಿದರೆ ಸಂಶಯ ಗಟ್ಟಿ, ಏನೂ ಆಗದಿದ್ದರೆ ಆ ಪದಾರ್ಥ ನಿರಪರಾಧಿ. ನಮ್ಮ ಮನೆಗಳಲ್ಲಿ ನಿಲ್ಲಿಸುವುದು ಎಲ್ಲರಿಗೂ ಗೊತ್ತು, ತಿರುಗಿ ಕೊಡುವುದು ಯಾರಿಗೂ ಗೊತ್ತಿಲ್ಲ. ಆದ್ದರಿಂದ ಒಮ್ಮೆ ತಾಟಿನಿಂದ ಹೋದದ್ದು ವರ್ಷಗಟ್ಟಲೆ ತಿರುಗಿ ಬರುವುದಿಲ್ಲ. ಈ ಪರೀಕ್ಷೆಯನ್ನು ಡಾಕ್ಟರ ಸಲಹೆಯಂತೆಯೇ ಮಾಡಬೇಕು. ತೀವ್ರ ಇಸಬಿನ ಮಗುವಿಗೆ ಬಹಳ ದಿನ ಬಿಡಿಸಿದ ಪದಾರ್ಥವನ್ನು ಒಮ್ಮೆಲೇ ಕೊಟ್ಟರೆ ಅಪರೂಪಕ್ಕೆ ಜೋರಾದ ಅಲರ್ಜಿ ಕಾಣಬಹುದು.

ನಿಜವಾದ ಅಲರ್ಜಿ ಹೇಗಿರುತ್ತದೆ

ಊಟದ ಅಲರ್ಜಿ ಅನ್ನುವುದು ಇದೆ, ಅದನ್ನು ಹಗುರವಾಗಿ ನೋಡಬಾರದು. ಪಾಶ್ಚಾತ್ಯ ದೇಶಗಳಲ್ಲಿ ಇಸಬು ಜೋರಾಗಿರುವ ಎಳೆಮಕ್ಕಳಲ್ಲಿ ಸುಮಾರು ಮೂರರಲ್ಲಿ ಒಂದು ಮಗುವಿಗೆ ಯಾವುದಾದರೂ ಆಹಾರದ ಅಲರ್ಜಿ ಇರುತ್ತದೆ. ಅದು ಹೆಚ್ಚಾಗಿ ತಿಂದ ಕೆಲವೇ ನಿಮಿಷಗಳಲ್ಲಿ, ಹೆಚ್ಚೆಂದರೆ ಎರಡು ತಾಸಿನೊಳಗೆ ಕಾಣಿಸುತ್ತದೆ. ಮೈಮೇಲೆ ಪಿತ್ತದ ಗಂಧೆ ಏಳುತ್ತವೆ, ತುಟಿ, ಕಣ್ಣು ಬಾಯುತ್ತವೆ, ವಾಂತಿ ಆಗುತ್ತದೆ. ಪ್ರತಿ ಸಲ ಅದೇ ಪದಾರ್ಥ ತಿಂದಾಗ ಹೀಗೇ ಆಗುತ್ತದೆ. ಉಸಿರು ಕಟ್ಟಿದರೆ, ಗಂಟಲು ಬಿಗಿದರೆ, ಕೂಸು ಸುಸ್ತಾಗಿ ಜೋತುಬಿದ್ದರೆ ಮನೆಮದ್ದು ಹುಡುಕುತ್ತ ಕೂಡಬೇಡಿ. ಕೂಡಲೇ 108ಕ್ಕೆ ಫೋನ್ ಮಾಡಿ, ಹತ್ತಿರದ ದವಾಖಾನೆಗೆ ಓಡಿ. ಅಲ್ಲಿ ಕೊಡುವ ಅಡ್ರಿನಲಿನ್ ಇಂಜೆಕ್ಷನ್ ಜೀವ ಉಳಿಸುತ್ತದೆ. ಅಂಥ ಮಗುವಿಗೆ ಆ ಪದಾರ್ಥ ನಿಲ್ಲಿಸಲೇಬೇಕು, ತುಸುವೂ ಕೊಡಬಾರದು.

ಅದೇ ರೀತಿ, ಇಸಬು ಜೋರಾಗಿರುವ ಎಳೆಗೂಸಿಗೆ ಮೊದಲ ಸಲ ಶೇಂಗಾ, ತತ್ತಿ ಕೊಡುವ ಮುಂಚೆ ಡಾಕ್ಟರನ್ನು ಕೇಳಿ. ಯಾವ ಸಣ್ಣ ಮಗುವಿಗೂ ಇಡೀ ಶೇಂಗಾ ಕಾಳು ಕೊಡಬೇಡಿ, ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ. ನುಣ್ಣಗೆ ಅರೆದು ಗಂಜಿಯಲ್ಲಿ ಕಲಸಿ ಕೊಡಬೇಕು.

ಚರ್ಮಕ್ಕೆ ಮಾಡಬೇಕಾದದ್ದು

ಗೋಡೆಯ ಮೆತ್ತಿಗೆ ಉದುರಿದ್ದರೆ ಮೊದಲು ಗೋಡೆ ಮೆತ್ತಬೇಕು. ಕೂಸಿಗೆ ಬೆಚ್ಚಗಿನ ನೀರಿನಲ್ಲಿ ಸ್ವಲ್ಪ ಹೊತ್ತು ಸ್ನಾನ ಸಾಕು. ಕುದಿಯುವ ನೀರು ಹಾಕಿ, ತಿಕ್ಕಿ ತಿಕ್ಕಿ ಎರೆಯುವುದು ಬೇಡ. ನಮ್ಮ ಬೋರಿನ ನೀರು ಗಡಸು. ಅದರಲ್ಲಿ ನೊರೆ ಬರುವುದಿಲ್ಲ ಅಂತ ನಾವು ಸಾಬೂನು ಹೆಚ್ಚು ಬಳಸುತ್ತೇವೆ, ಅದು ಚರ್ಮವನ್ನು ಇನ್ನೂ ಒಣಗಿಸುತ್ತದೆ. ಸಾಬೂನು ಕಡಿಮೆ ಮಾಡಿ. ಮೈ ಒರಸಿದ ಕೂಡಲೇ, ಇನ್ನೂ ತೇವ ಇರುವಾಗಲೇ ವಾಸನೆ ಇಲ್ಲದ ವ್ಯಾಸಲೀನ್ ಅಥವಾ ಒಳ್ಳೆಯ ಕೊಬ್ಬರಿ ಎಣ್ಣೆ ಧಾರಾಳವಾಗಿ ಹಚ್ಚಿ. ದಿನಕ್ಕೆ ಎರಡು ಸಲವಾದರೂ ಹಚ್ಚಬೇಕು, ತುರಿಕೆ ಇಲ್ಲದ ದಿನವೂ ಬಿಡಬಾರದು. ಇಲ್ಲಿ ನಮ್ಮ ಆಯಿಯ ಎಣ್ಣೆ ಹಚ್ಚುವ ಕೈಗೆ ನೂರಕ್ಕೆ ನೂರು ಅಂಕ ಕೊಡಬೇಕು.

ಆದರೆ ಒಡೆದ ಚರ್ಮಕ್ಕೆ ಶೇಂಗಾ ಎಣ್ಣೆ ಬೇಡ. ಶೇಂಗಾ ಎಣ್ಣೆ ಬೆರೆತ ಮುಲಾಮು ಹಚ್ಚಿದ ಮಕ್ಕಳಲ್ಲಿ ಶೇಂಗಾ ಅಲರ್ಜಿ ಹೆಚ್ಚು ಎಂದು 2003ರಲ್ಲೇ ಬ್ರಿಟನ್ನಿನಲ್ಲಿ ಕಂಡುಬಂದಿದೆ. ಕಡಲೆ ಹಿಟ್ಟು ಹಚ್ಚಿ ತಿಕ್ಕುವುದೂ ಇಸಬಿನ ಚರ್ಮಕ್ಕೆ ಬೇಡ. ಉಣ್ಣೆ ಚುಚ್ಚುತ್ತದೆ, ಆದ್ದರಿಂದ ಚಳಿಯಲ್ಲಿ ಕಂಬಳಿ ಹೊದಿಸುವ ಮುಂಚೆ ಒಳಗೆ ಮೆತ್ತನೆಯ ಹಳೆ ಹತ್ತಿ ಸೀರೆ ಹೊದಿಸಿ. ಉಗುರು ಸಣ್ಣಗೆ ಕತ್ತರಿಸಿ.

ಮುಲಾಮಿನ ವಿಚಾರದಲ್ಲಿ ಎರಡು ಕಡೆಯೂ ಎಚ್ಚರ ಬೇಕು. ಡಾಕ್ಟರು ಬರೆದುಕೊಟ್ಟ ಸ್ಟೀರಾಯ್ಡ್ ಮುಲಾಮನ್ನು ಹೇಳಿದಷ್ಟು ದಿನ, ಹೇಳಿದಷ್ಟೇ ಹಚ್ಚಿದರೆ ಹೆದರುವ ಕಾರಣ ಇಲ್ಲ. ಹೆದರಿ ಅರ್ಧಕ್ಕೆ ಬಿಟ್ಟರೆ ಇಸಬು ತಿರುಗಿ ಏಳುತ್ತದೆ. ಆದರೆ ಚೀಟಿ ಇಲ್ಲದೆ ಮೆಡಿಕಲ್ ಅಂಗಡಿಯಲ್ಲಿ ಕೇಳಿ ತರುವ ಟ್ಯೂಬು ಅಪಾಯ. ಅದರಲ್ಲಿ ಬಲವಾದ ಸ್ಟೀರಾಯ್ಡ್ ಇದ್ದು, ಕೂಸಿನ ಚರ್ಮ ತೆಳ್ಳಗಾಗುತ್ತದೆ. ಅದು ಇಸಬು ಆಗಿರದೆ ಗಜಕರ್ಣ ಆಗಿದ್ದರೆ ಮೈತುಂಬ ಹಬ್ಬುತ್ತದೆ. 2018ರಲ್ಲಿ ಕೇಂದ್ರ ಸರಕಾರ ಇಂಥ ಹಲವು ಮುಲಾಮುಗಳನ್ನು ಚೀಟಿ ಇಲ್ಲದೆ ಮಾರಬಾರದ ಪಟ್ಟಿಗೆ ಸೇರಿಸಿತು.

"ಪೂರಾ ಗಿಡಮೂಲಿಕೆ, ಏನೂ ಅಪಾಯ ಇಲ್ಲ" ಅಂತ ಸಂತೆಯಲ್ಲಿ ಮಾರುವ ಡಬ್ಬಿಯನ್ನೂ ಕಣ್ಣು ಮುಚ್ಚಿ ನಂಬಬೇಡಿ. 1999ರಲ್ಲಿ ಲಂಡನ್ನಿನಲ್ಲಿ ಇಸಬಿಗೆ ಕೊಡುತ್ತಿದ್ದ 11 ಚೀನೀ ಗಿಡಮೂಲಿಕೆ ಕ್ರೀಮುಗಳನ್ನು ಪರೀಕ್ಷಿಸಿದಾಗ 8ರಲ್ಲಿ ಹೆಸರು ಹೇಳದೆ ಸ್ಟೀರಾಯ್ಡ್ ಬೆರೆಸಿದ್ದು ಸಿಕ್ಕಿತು. ಎರಡೇ ದಿನದಲ್ಲಿ ಮಾಯವಾಗುವ ಇಸಬಿನ ಗುಟ್ಟು ಬಹಳ ಸಲ ಇದೇ ಆಗಿರುತ್ತದೆ.

ತಾಯಿಯ ಮೇಲೆ ಹೊರೆ ಹಾಕಬೇಡಿ

ಈ ಎಲ್ಲದರಲ್ಲಿ ಹೆಚ್ಚು ನೋಯುವವಳು ತಾಯಿ. "ಬಾಣಂತ್ಯಾಗ ಏನ್ ತಿಂದಿದ್ದಿ?" "ಬಸುರಾಗ ಬಾಯಿ ಕಟ್ಟಲಿಲ್ಲೇನ?" ಅಂತ ಅವಳನ್ನೇ ಕೇಳುತ್ತಾರೆ. ಹಾಲೂಡಿಸುವ ತಾಯಿಗೂ ಪಥ್ಯ ಹಾಕಿ, ಅವಳನ್ನೂ ಸೊರಗಿಸುತ್ತಾರೆ. ರಾತ್ರಿಯೆಲ್ಲ ಕೆರೆದುಕೊಂಡು ಅಳುವ ಕೂಸನ್ನು ಎತ್ತಿಕೊಂಡು ಕೂತವಳಿಗೆ ಇದಕ್ಕಿಂತ ಕಠಿಣ ಮಾತು ಯಾವುದಿದೆ? ಚರ್ಮದ ಈ ದುರ್ಬಲತೆ ಬಹುಪಾಲು ಹುಟ್ಟಿನಿಂದ ಬರುವುದು. ಅದು ತಂದೆಯ ಕಡೆಯಿಂದಲೂ ಬರಬಹುದು, ತಾಯಿಯ ಕಡೆಯಿಂದಲೂ ಬರಬಹುದು. ಹುಟ್ಟು ಕುರುಡನನ್ನು ಕಂಡ ಶಿಷ್ಯರು ಪಾಪ ಇವನದೋ, ಇವನ ತಂದೆತಾಯಿಯದೋ ಎಂದು ಕೇಳಿದಾಗ ಪ್ರಭು ಯೇಸು ಕೊಟ್ಟ ಉತ್ತರ ಯೊವಾನ್ನರ ಶುಭಸಂದೇಶದ ಒಂಬತ್ತನೆಯ ಅಧ್ಯಾಯದಲ್ಲಿದೆ. ಅದನ್ನು ಓದಿದ ನಾವು ತಾಯಿಯ ಮೇಲೆ ಬೆರಳು ತೋರಿಸುವುದು ಸಲ್ಲದು.

ಇಸಬು ಒಬ್ಬರಿಂದ ಒಬ್ಬರಿಗೆ ಹತ್ತುವುದೂ ಇಲ್ಲ. ಕ್ರಿಸ್ತಜಯಂತಿಯ ಊಟಕ್ಕೆ ಕೂತಾಗ ಇಸಬಿನ ಮಗುವಿನ ಪಕ್ಕದಿಂದ ನಿಮ್ಮ ಮಗುವನ್ನು ಎಬ್ಬಿಸಿ ಬೇರೆ ಸಾಲಿಗೆ ಕೂಡಿಸಬೇಡಿ. ಆ ಕೂಸಿಗೆ ತುರಿಕೆಗಿಂತ ಅದು ಹೆಚ್ಚು ಉರಿಯುತ್ತದೆ.

ಯುವಕರು ಏನು ಮಾಡಬಹುದು

ನಮ್ಮ ಯುವ ಬಳಗದಿಂದ ಮಾಡಬಹುದಾದ ಒಂದು ಕೆಲಸ ನನ್ನ ಮನಸ್ಸಿನಲ್ಲಿದೆ. ನಮ್ಮ ಬಹಳ ತಾಯಂದಿರು ಕನ್ನಡ ಶಾಲೆಯಲ್ಲಿ ಕಲಿತವರು. ಜತ್ತದಲ್ಲಾಗಲಿ, ಮಿರಜ, ಸಾಂಗಲಿಯಲ್ಲಾಗಲಿ ಡಾಕ್ಟರು ಮಾತಾಡುವುದು ಮರಾಠಿ, ಚೀಟಿ ಬರೆಯುವುದು ಇಂಗ್ಲಿಷ್. ಯಾವ ಟ್ಯೂಬು ಎಲ್ಲಿಗೆ, ಎಷ್ಟು ದಿನ, ಯಾವುದು ಬರೀ ತೇವಕ್ಕೆ, ಯಾವುದು ಔಷಧ ಅನ್ನುವುದು ಅರ್ಧ ತಿಳಿದು ಅರ್ಧ ಬಿಟ್ಟು ಅವರು ಬಸ್ ಹತ್ತುತ್ತಾರೆ. ಎರಡೂ ಭಾಷೆ ಬಲ್ಲ ನಾವು ಒಂದು ದಿನ ಅವರ ಜೊತೆ ಹೋಗಬಹುದು. ಡಾಕ್ಟರು ಹೇಳಿದ್ದನ್ನು ಕನ್ನಡದಲ್ಲಿ ದೊಡ್ಡ ಅಕ್ಷರದಲ್ಲಿ ಬರೆದು ಟ್ಯೂಬಿನ ಮೇಲೆ ಅಂಟಿಸಿ ಕೊಡಬಹುದು. ಯಾವ ದಿನ ಏನು ತಿಂದಿತು, ಯಾವ ದಿನ ತುರಿಕೆ ಏರಿತು ಅಂತ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಲು ಅಕ್ಕನಿಗೆ, ಅತ್ತಿಗೆಗೆ ಸಹಾಯ ಮಾಡಬಹುದು. ಆ ನೋಟ್‌ಬುಕ್ ಡಾಕ್ಟರಿಗೆ ಬಹಳ ಉಪಯೋಗ. ಮತ್ತೆ ಡಾಕ್ಟರನ್ನು ಕೇಳಲೇಬೇಕಾದ ಒಂದು ಪ್ರಶ್ನೆಯನ್ನು ಅವರ ಪರವಾಗಿ ನಾವೇ ಕೇಳಬಹುದು: "ಈ ಪದಾರ್ಥ ನಿಲ್ಲಿಸಿದರೆ ತಿರುಗಿ ಯಾವಾಗ ಕೊಡಬೇಕು?"

ಪ್ರಾರ್ಥನೆ ಮಾಡುವವರು ಔಷಧ ಬೇಡ ಅನ್ನಬೇಕಾಗಿಲ್ಲ. ರಾಜ ಹಿಜ್ಕೀಯನ ಹುಣ್ಣಿಗೆ ಅಂಜೂರದ ಲೇಪ ಹಚ್ಚಿಸಿದವನು ಪ್ರವಾದಿ ಯೆಶಾಯನೇ. ಸಂತ ಲೂಕರು ವೈದ್ಯರು. ಆಯಿಯ ಎಣ್ಣೆಯ ಕೈ ಇರಲಿ, ಡಾಕ್ಟರ ಚೀಟಿಯೂ ಇರಲಿ. ಇಸಬು ಬಂದ ಬಹಳ ಮಕ್ಕಳಿಗೆ ಬೆಳೆಯುತ್ತ ಬೆಳೆಯುತ್ತ ಅದು ಕಡಿಮೆ ಆಗುತ್ತದೆ. ಅಲ್ಲಿಯವರೆಗೆ ಆ ಕೂಸಿಗೆ ಬೇಕಾದದ್ದು ತೇವ ಇರುವ ಚರ್ಮ, ರಾತ್ರಿ ನಿದ್ದೆ ಮತ್ತು ತುಂಬಿದ ತಾಟು. ಯಾರಾದರೂ "ಅದು ನಂಜ ಐತಿ" ಅಂದರೆ ಗೌರವದಿಂದಲೇ ಒಂದು ಮಾತು ಕೇಳಿ: "ಕಾಕು, ತಿರುಗಿ ಕೊಟ್ಟು ನೋಡೀರೇನ್ರಿ?"